ಹಸಿರು ಹಳದಿಯಾಗುವ ಹೊತ್ತು: ವಿಜಯಪುರದ ಸುತ್ತ ಹೊಲಗಳು ನಿವೇಶನಗಳಾಗುವ ಬಗೆ

ದೃಶ್ಯ: ತೊರವಿ ರಸ್ತೆಯ ಬದಿಯ ಎರೆಹೊಲ. ಸುಣ್ಣ ಬಳಿದ ಗಡಿಕಲ್ಲುಗಳ ಸಾಲು. ದೂರದಲ್ಲಿ ಗೋಳಗುಮ್ಮಟ.

ನಮಸ್ಕಾರ. ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ಮತ್ತು ಹೆಸರು ಬದಲಾವಣೆಯ ಅಫಿಡವಿಟ್‌ಗಳ ನಡುವೆ, ಆಗಾಗ ಅಂಗೈಯಗಲದ ಒಂದು ಸಾರ್ವಜನಿಕ ಪ್ರಕಟಣೆ ಬರುತ್ತದೆ. ಇಂಥ ಗ್ರಾಮದ ಇಂಥ ರಿ.ಸ.ನಂಬರಿನ, ಅಂದರೆ ಸರ್ವೆ ನಂಬರಿನ, ಇಷ್ಟು ಎಕರೆ ಇಷ್ಟು ಗುಂಟೆ ಜಮೀನು ಮಹಾಯೋಜನೆಯಲ್ಲಿ ಕೃಷಿ ವಲಯದಲ್ಲಿದ್ದು, ಅದನ್ನು ವಸತಿ ಉದ್ದೇಶಕ್ಕೆ ಬದಲಾಯಿಸಿಕೊಡುವಂತೆ ಅರ್ಜಿ ಬಂದಿರುತ್ತದೆ, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದಷ್ಟೇ ಅದರಲ್ಲಿರುತ್ತದೆ. ಆ ಜಮೀನು ಯಾವ ರಸ್ತೆಯ ಬದಿಗಿದೆ, ಅದರ ಹಿಂದೆ ಹಳ್ಳ ಹರಿಯುತ್ತದೆಯೇ, ಅಲ್ಲಿ ಎಷ್ಟು ಮನೆಗಳು ಬರಲಿವೆ ಎಂಬುದು ಓದಿದವರಿಗೆ ತಿಳಿಯುವುದಿಲ್ಲ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಆದರೂ ವಿಜಯಪುರದಂಥ ಊರು ಯಾವ ದಿಕ್ಕಿಗೆ, ಎಂಥ ರಸ್ತೆಗಳೊಂದಿಗೆ, ಯಾರ ಖರ್ಚಿನಲ್ಲಿ ಬೆಳೆಯುತ್ತದೆ ಎಂಬುದು ಬಹುಪಾಲು ನಿಶ್ಚಯವಾಗುವುದು ಆ ಚೌಕಟ್ಟಿನೊಳಗೆ. ಆದ್ದರಿಂದ ಈ ವಿಡಿಯೋದಲ್ಲಿ ಅದನ್ನು ಬಿಡಿಸಿ ನೋಡೋಣ.

ದೃಶ್ಯ: ಬಣ್ಣಬಣ್ಣದ ಭೂ ಉಪಯೋಗ ನಕ್ಷೆ. ಹಳದಿ ಭಾಗ ಬೆಳಗುತ್ತದೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪ್ರತಿಯೊಂದು ಯೋಜನಾ ಪ್ರಾಧಿಕಾರವೂ ತನ್ನ ವ್ಯಾಪ್ತಿಗೆ ಒಂದು ಮಹಾಯೋಜನೆಯನ್ನು, ಅಂದರೆ ನಾವು ಮಾಸ್ಟರ್ ಪ್ಲಾನ್ ಎನ್ನುವ ನಕ್ಷೆಯನ್ನು ಮತ್ತು ಅದರ ಜೊತೆಗಿನ ವಲಯ ನಿಯಮಗಳನ್ನು ಸಿದ್ಧಪಡಿಸಬೇಕು, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನ ಮತ್ತು ಕೃಷಿಗೆ ಹಸಿರಿನ ಛಾಯೆಗಳು. ಜಮೀನು ಮಾರುವವರು ಯೆಲ್ಲೋ ಝೋನ್, ಗ್ರೀನ್ ಝೋನ್ ಎನ್ನುವುದು ಇದನ್ನೇ. ಹಸಿರಿನಲ್ಲಿರುವ ಹೊಲ ಹಳದಿಗೆ ಬಂದರೆ ಅದರ ಬೆಲೆ ಹಲವು ಪಟ್ಟು ಏರುತ್ತದೆ. ಆ ಏರಿಕೆಯಲ್ಲಿ ಹೊಲದಲ್ಲಿ ದುಡಿದವರ ಬೆವರಾಗಲಿ, ಕೊಂಡವರ ಬಂಡವಾಳವಾಗಲಿ ಹೆಚ್ಚೇನೂ ಇರುವುದಿಲ್ಲ. ಸಾರ್ವಜನಿಕ ಅಧಿಕಾರದ ಒಂದು ಸಹಿ ಹುಟ್ಟಿಸಿದ ಬೆಲೆ ಅದು. ಹಾಗಾಗಿ ಅದರ ಒಂದು ಪಾಲು ಊರಿಗೆ ರಸ್ತೆಯಾಗಿ, ಚರಂಡಿಯಾಗಿ, ಆಟದ ಬಯಲಾಗಿ ಮರಳಬೇಕು ಎಂದು ಕೇಳುವುದು ನಮ್ಮ ಹಕ್ಕೆಂದು ನಾನು ನಂಬಿದ್ದೇನೆ.

ಮಹಾಯೋಜನೆ ಜಾರಿಯಲ್ಲಿರುವಾಗ ಒಂದೊಂದೇ ಜಮೀನಿನ ಬಣ್ಣ ಬದಲಾಯಿಸಲು ಅದೇ ಕಾಯ್ದೆಯ 14ಎ ಕಲಂ ಅವಕಾಶ ಕೊಡುತ್ತದೆ. ನಕ್ಷೆ ಬರೆಯುವಾಗಿನ ತಪ್ಪು, ಬಿಟ್ಟುಹೋದ ವಿವರ, ಯೋಜನೆಯನ್ನು ಜಾರಿಗೊಳಿಸುವಾಗ ಎದುರಾದ ಪರಿಸ್ಥಿತಿ ಇಂಥ ಕಾರಣಗಳಿದ್ದರೆ, ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಿದ ಮೇಲೆ, ಸರ್ಕಾರದ ಪೂರ್ವಾನುಮೋದನೆಯೊಂದಿಗೆ ಪ್ರಾಧಿಕಾರ ಒಪ್ಪಿಗೆ ನೀಡಬಹುದು. ಕಲಂ ಓದಿದರೆ ಅದು ಅಪವಾದಕ್ಕಾಗಿ ಇಟ್ಟ ಕಿಟಕಿಯೆಂದು ಯಾರಿಗಾದರೂ ಅನ್ನಿಸುತ್ತದೆ. ಆ ಕಿಟಕಿಯೇ ದಿನನಿತ್ಯದ ಬಾಗಿಲಾಗಿಬಿಟ್ಟರೆ, ಹತ್ತು ವರ್ಷಕ್ಕೆಂದು ಶ್ರಮಪಟ್ಟು ಮಾಡಿದ ಯೋಜನೆಗೆ ಅರ್ಥ ಉಳಿಯುವುದಿಲ್ಲ.

ದೃಶ್ಯ: ಮಳೆ ನಿಂತ ಮರುದಿನದ ಬಡಾವಣೆ. ಎರೆಮಣ್ಣು ಮೆತ್ತಿದ ಚಪ್ಪಲಿಗಳು, ಅರ್ಧಕ್ಕೆ ನಿಂತ ಚರಂಡಿ.

ಒಂದು ಮಳೆಗಾಲದಲ್ಲಿ ನಗರದ ಅಂಚಿನ ಬಡಾವಣೆಯೊಂದಕ್ಕೆ ಹೋಗಿದ್ದೆ. ನಿವೃತ್ತರಾದ ಮಾಸ್ತರರೊಬ್ಬರು ಅಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಮುಖ್ಯರಸ್ತೆಯಿಂದ ಅವರ ಮನೆಗೆ ನಡೆದು ಹೋಗುವಷ್ಟರಲ್ಲಿ ಎರೆಮಣ್ಣು ಚಪ್ಪಲಿಗೆ ಎರಡೆರಡು ಸೇರು ಮೆತ್ತಿಕೊಂಡಿತ್ತು. ಮನೆಯ ಮುಂದಿನ ಚರಂಡಿ ಕೊನೆಯ ನಿವೇಶನದ ಗೋಡೆಗೆ ಬಂದು ನಿಂತುಹೋಗಿತ್ತು. ಅಲ್ಲಿಂದ ಮುಂದೆ ನೀರು ಹೋಗಲು ದಾರಿಯಿರಲಿಲ್ಲ, ಹಾಗಾಗಿ ಅದು ತಿರುಗಿ ಅಂಗಳಕ್ಕೇ ಬರುತ್ತಿತ್ತು. ಅವರು ಕೊಳ್ಳುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ಎನ್‌ಎ, ಅಂದರೆ ಬೇಸಾಯೇತರ ಪರಿವರ್ತನೆ, ಆಗಿದೆಯೇ ಎಂದು. ಆಗಿದೆ ಎಂದ ಮೇಲೆ ಎಲ್ಲವೂ ಆದಂತೆಯೇ ಎಂದು ತಿಳಿದಿದ್ದರಂತೆ. ಕೈಯಲ್ಲಿ ಆದೇಶದ ಪ್ರತಿಯೂ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ, ಮಗಳ ಮದುವೆಯ ಫೋಟೋಗಳ ಜೊತೆ ಟ್ರಂಕಿನಲ್ಲಿ ಜೋಪಾನ ಮಾಡಿಟ್ಟಿದ್ದರು.

ಈ ತಪ್ಪು ತಿಳಿವಳಿಕೆ ನಮ್ಮ ಭಾಗದಲ್ಲಿ ಮನೆಮನೆಗೂ ಇದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಎನ್‌ಎ ಎಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯವರು ಕೊಡುವ ಭೂ ಪರಿವರ್ತನೆಯ ಆದೇಶ. ಈ ಜಮೀನನ್ನು ಇನ್ನು ಮುಂದೆ ಬೇಸಾಯೇತರ ಕೆಲಸಕ್ಕೆ ಬಳಸಬಹುದು ಎಂಬಷ್ಟನ್ನೇ ಅದು ಹೇಳುತ್ತದೆ. ರಸ್ತೆ ಎಷ್ಟು ಅಗಲ, ನೀರು ಎಲ್ಲಿಂದ, ಚರಂಡಿ ಎಲ್ಲಿಗೆ, ಉದ್ಯಾನಕ್ಕೆ ಯಾವ ಮೂಲೆ ಎಂಬುದೆಲ್ಲ ಬರುವುದು ಯೋಜನಾ ಕಾಯ್ದೆಯ 17ನೇ ಕಲಮಿನಡಿ ಪ್ರಾಧಿಕಾರ ಅನುಮೋದಿಸುವ ಬಡಾವಣೆಯ ವಿನ್ಯಾಸ ನಕ್ಷೆಯಲ್ಲಿ. ಹಳೆಯ ಮುಂಬೈ ಪ್ರಾಂತ್ಯದ ಕಂದಾಯ ಪದ್ಧತಿ ಉಳಿದುಕೊಂಡಿರುವ ನಮ್ಮ ಜಿಲ್ಲೆಗಳಲ್ಲಿ ಇದರ ಮೇಲೆ ಕೆಜೆಪಿ, ಅಂದರೆ ಕಮ್ಮಿ ಜಾಸ್ತಿ ಪತ್ರಕವೂ ಆಗಬೇಕು. ಆಗ ಮಾತ್ರ ಒಂದು ಹೊಲದ ಉತಾರ, ಅಂದರೆ ಪಹಣಿ, ಹೋಗಿ ಪ್ಲಾಟುಗಳಿಗೆ ಬೇರೆ ಬೇರೆ ದಾಖಲೆ ಹುಟ್ಟುತ್ತದೆ. ಮೊದಲ ಕಾಗದವನ್ನು ತೋರಿಸಿ ಉಳಿದೆಲ್ಲವೂ ಆಗಿವೆ ಎಂಬ ಭಾವನೆ ಬರುವಂತೆ ಮಾತನಾಡುವುದು ಮಾರುವವರಿಗೆ ಸುಲಭ.

ಹೀಗೇಕೆ ಮಾಡುತ್ತಾರೆ ಎಂಬುದು ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ.

ದೃಶ್ಯ: ಬಿಳಿ ಹಾಳೆಯ ಮೇಲೆ ಒಂದು ಎಕರೆಯ ಚೌಕ. ಕೈಯೊಂದು ಅದನ್ನು ಸೀಳುತ್ತದೆ.

ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ. ಒಟ್ಟು 43,560 ಚದರ ಅಡಿ. ನಿಯಮಕ್ಕೆ ಅನುಸಾರವಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳು ಹೋಗಿ ಮಾರಾಟಕ್ಕೆ ಉಳಿಯುವುದು ಸರಿಸುಮಾರು ಅರ್ಧ. ಎಂದರೆ 30 ಅಡಿ 40 ಅಡಿಯ, 1,200 ಚದರ ಅಡಿಯ ಪ್ಲಾಟುಗಳು 18. ಅದೇ ಎಕರೆಯನ್ನು ಅನುಮೋದನೆಯ ಗೊಡವೆಯಿಲ್ಲದೆ, 9 ಮೀಟರಿನ ರಸ್ತೆಯ ಬದಲು ಎತ್ತಿನಗಾಡಿ ಹೋಗುವಷ್ಟು ಸಂದು ಬಿಟ್ಟು ಸೀಳಿದರೆ 25ಕ್ಕೂ ಹೆಚ್ಚು ಪ್ಲಾಟು ಬೀಳುತ್ತವೆ. ಆ ಹೆಚ್ಚುವರಿ ಏಳೆಂಟು ಪ್ಲಾಟುಗಳು ಮಕ್ಕಳ ಆಟದ ಬಯಲಿನಿಂದ, ಆಂಬ್ಯುಲೆನ್ಸ್ ತಿರುಗುವ ಜಾಗದಿಂದ, ನೀರು ಹರಿಯುವ ಜಾಗದಿಂದ ಕತ್ತರಿಸಿ ತೆಗೆದವು. ಕೊಂಡವರು ಹತ್ತು ವರ್ಷ ತೆರಿಗೆ ಕಟ್ಟಿದ ಮೇಲೂ ರಸ್ತೆ ಕೇಳಿದರೆ, ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿಲ್ಲ ಎಂಬ ಉತ್ತರ ಬರುತ್ತದೆ.

ಆದರೆ ಅಂಥ ಪ್ಲಾಟು ಕೊಂಡವರನ್ನು ದೂರಲು ನನಗೆ ಮನಸ್ಸಿಲ್ಲ. 2011ರ ಜನಗಣತಿಯ ಹೊತ್ತಿಗೆ ವಿಜಯಪುರ ನಗರದ ಜನಸಂಖ್ಯೆ 3.27 ಲಕ್ಷ, 2013ರಲ್ಲಿ ಅದು ಮಹಾನಗರ ಪಾಲಿಕೆಯಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಮಕ್ಕಳ ಓದಿಗೆಂದು, ದವಾಖಾನೆಗೆ ಹತ್ತಿರವೆಂದು ಬಂದು ನೆಲೆಸುವವರಿದ್ದಾರೆ. ಊರ ಒಳಗೆ ಜಾಗವಿಲ್ಲ, ಇದ್ದಲ್ಲಿ ಕಟ್ಟುವುದು ಸುಲಭವಲ್ಲ. ಕೋಟೆಗೋಡೆ, ಬಾರಾಕಮಾನು, ತಾಜ್ ಬಾವಡಿ ಮೊದಲಾಗಿ ಇಡೀ ಹಳೆಯ ಊರಿನಲ್ಲಿ ಸಂರಕ್ಷಿತ ಸ್ಮಾರಕಗಳು ಹರಡಿಕೊಂಡಿವೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಸ್ಮಾರಕ ಕಾಯ್ದೆಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ವಿಶೇಷ ಅನುಮತಿ ಬೇಕು. ಆ ಕಾಯ್ದೆ ಇಲ್ಲದಿದ್ದರೆ ಗುಮ್ಮಟಗಳ ನೆರಳಿನಲ್ಲಿ ಏನೇನು ಎದ್ದಿರುತ್ತಿತ್ತೋ ಎಂದು ನೆನೆದರೆ ಅದು ಬೇಕೆಂದೇ ಅನ್ನಿಸುತ್ತದೆ. ಆದರೆ ಒಳಗೆ ತಡೆದ ಮನೆಗಳು ಹೊರಗೆ ಎಲ್ಲಾದರೂ ಏಳಲೇಬೇಕಲ್ಲವೇ? ಅವು ವರ್ತುಲ ರಸ್ತೆಯ ಆಚೆ, ತೊರವಿ, ಅಲಿಯಾಬಾದ, ಭೂತನಾಳದ ಕಡೆಯ ಹೊಲಗಳಲ್ಲಿ ಏಳುತ್ತವೆ. ಮನೆ ಬೇಡ ಎನ್ನುವುದು ಉತ್ತರವಾಗಲಾರದು. ಹಳದಿ ಬಣ್ಣವನ್ನು ಕೈಬಿಗಿದು ಹಂಚಿದಷ್ಟೂ ಬಡವರು ಬಾಂಡ್ ಕಾಗದದ ಮೇಲೆ ಗುಂಟೆ ಲೆಕ್ಕದ ಜಾಗ ಕೊಳ್ಳುತ್ತಾರೆ. ಆಮೇಲೆ ಬಿ-ಖಾತಾ, ಅಂದರೆ ಅನುಮೋದನೆಯಿಲ್ಲದ ಸ್ವತ್ತಿಗೆ ಕೊಡುವ ಖಾತೆಯ, ಅಭಿಯಾನಕ್ಕೆ ಕಾಯುತ್ತಾರೆ. 2025ರಲ್ಲಿ ರಾಜ್ಯದಲ್ಲಿ ನಡೆದ ಅಂಥ ಅಭಿಯಾನ ಆ ಕುಟುಂಬಗಳಿಗೆ ಒಂದು ದಾಖಲೆಯನ್ನು ಕೊಟ್ಟಿತು, ಅದು ಒಳ್ಳೆಯದೇ. ಆದರೆ ಖಾತೆ ಸಿಕ್ಕ ಮಾತ್ರಕ್ಕೆ 12 ಅಡಿಯ ಸಂದು 30 ಅಡಿಯ ರಸ್ತೆಯಾಗುವುದಿಲ್ಲ.

ದೃಶ್ಯ: ತೊರವಿಯ ಸಂಗೀತ ಮಹಲಿನ ಪಾಳುಗೋಡೆ. ಸುರಂಗ ಬಾವಡಿಯ ಮೆಟ್ಟಿಲು.

ತೊರವಿಯ ಈ ದಿಕ್ಕಿಗೆ ಊರು ಬೆಳೆಸುವ ಯೋಚನೆ ಹೊಸದಲ್ಲ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇಲ್ಲಿಯೇ ನೌರಸಪುರವೆಂಬ ಹೊಸ ನಗರಕ್ಕೆ ಕೈಹಾಕಿದ. ಅದು ಪೂರ್ಣಗೊಳ್ಳಲಿಲ್ಲ, 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರನ ದಾಳಿಗೆ ಹಾಳಾಯಿತು. ಆದರೆ ಆ ಕಾಲದವರು ಮನೆಗಿಂತ ಮೊದಲು ನೀರಿನ ಯೋಚನೆ ಮಾಡಿದ್ದರು. ತೊರವಿಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಾಳಿಗೆ, ಹೂಳು ತೆಗೆಯುವುದಕ್ಕೆ ಬಾವಿಯಂಥ ಕಿಂಡಿಗಳಿದ್ದವು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಹೊಲವೊಂದರ ನಡುವೆ ಅಂಥ ಕಿಂಡಿಯ ಬಾಯಿ ಇದ್ದು, ಅದರ ಮೇಲೆ ಗರಸು ಸುರಿದು ಪ್ಲಾಟು ಮಾಡಿದರೆ, ನಾಲ್ಕು ನೂರು ವರ್ಷದ ಒಂದು ನೀರುದಾರಿ ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಹೋಗುತ್ತದೆ. ಇಂದು ನಗರಕ್ಕೆ ಕುಡಿಯುವ ನೀರು ಕೋಲ್ಹಾರದ ಬಳಿ ಕೃಷ್ಣೆಯಿಂದ ಎತ್ತಿ ತರಬೇಕಾಗಿದೆ. ಹಾಗಿರುವಾಗ ಪ್ರತಿ ಹೊಸ ಬಡಾವಣೆಯನ್ನೂ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದೇ.

ಎರೆಭೂಮಿಯ ಗುಣವೂ ಲೆಕ್ಕಕ್ಕೆ ಬರಬೇಕು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣಿನ ಮೇಲೆ ಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ, ರಸ್ತೆ ಅಲೆಯಾಗುತ್ತದೆ. ನೀರು ಬೇಗ ಇಂಗದ ಈ ನೆಲದಲ್ಲಿ ಹಳ್ಳಗಳೇ ಚರಂಡಿಗಳು. ವರ್ಷದಲ್ಲಿ ಹತ್ತು ತಿಂಗಳು ಒಣಗಿರುವುದರಿಂದ ಹಳ್ಳ ಖಾಲಿ ಜಾಗದಂತೆ ಕಾಣುತ್ತದೆ, ಅದೇ ಅಪಾಯ. ಗ್ರಾಮ ನಕಾಶೆಯಲ್ಲಿ ಅದು ಗೆರೆಯಾಗಿ ಇರುತ್ತದೆ, ಉತಾರದಲ್ಲಿ ‘ಬ’ ಖರಾಬು ಎಂದು ನಮೂದಾಗಿರುತ್ತದೆ. ಸಾರ್ವಜನಿಕ ಬಳಕೆಯ ಆ ಜಾಗವನ್ನು ಪ್ಲಾಟಿನ ಲೆಕ್ಕದಲ್ಲಿ ಸೇರಿಸುವಂತಿಲ್ಲ.

ದೃಶ್ಯ: ಅಕ್ಕಪಕ್ಕದ ನಾಲ್ಕು ಹೊಲಗಳು ನಾಲ್ಕು ಬಡಾವಣೆಗಳಾಗುತ್ತವೆ. ರಸ್ತೆಗಳು ಒಂದಕ್ಕೊಂದು ಕೂಡುವುದಿಲ್ಲ.

ನನ್ನ ಮುಖ್ಯ ತಕರಾರು ಇಲ್ಲಿದೆ. ನಾಲ್ಕು ಎಕರೆಯ ಒಂದು ಅರ್ಜಿ, ಆರು ತಿಂಗಳ ನಂತರ ಪಕ್ಕದ ಮೂರು ಎಕರೆಯ ಇನ್ನೊಂದು ಅರ್ಜಿ ಎಂದು ತುಂಡು ತುಂಡಾಗಿ ಬಣ್ಣ ಬದಲಾಯಿಸುತ್ತಾ ಹೋದರೆ, ಪ್ರತಿಯೊಂದು ತುಂಡೂ ನಿಯಮದಂತೆಯೇ ಇದ್ದರೂ ಒಟ್ಟಿಗೆ ಸೇರಿ ಒಂದು ಊರಾಗುವುದಿಲ್ಲ. ಒಂದರ ರಸ್ತೆ ಇನ್ನೊಂದರ ಗೋಡೆಗೆ ಹೋಗಿ ಮುಟ್ಟುತ್ತದೆ, ಶಾಲೆಗೆ ಸಾಕಾಗುವ ಜಾಗ ಯಾರಲ್ಲೂ ಉಳಿಯುವುದಿಲ್ಲ, ಮಾಸ್ತರರ ಮನೆಯ ಚರಂಡಿಯಂತೆ ನೀರು ನಡುದಾರಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಪರಿಹಾರ ಕಾನೂನಿನಲ್ಲಿಯೇ ಇದೆ. ಆಗಿನ ಮುಂಬೈ ಪ್ರಾಂತ್ಯ 1915ರಲ್ಲಿಯೇ ಪಟ್ಟಣ ಯೋಜನೆಯ ಕಾಯ್ದೆಯನ್ನು ಮಾಡಿತ್ತು. ಬಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಆ ಪ್ರಾಂತ್ಯದಲ್ಲಿಯೇ ಇದ್ದವು. ಒಂದು ಪ್ರದೇಶದ ಎಲ್ಲ ಹೊಲಗಳನ್ನೂ ಕಾಗದದ ಮೇಲೆ ಒಟ್ಟುಗೂಡಿಸಿ, ರಸ್ತೆ, ಹಳ್ಳ, ಶಾಲೆ, ಉದ್ಯಾನಗಳಿಗೆ ಮೊದಲು ಜಾಗ ತೆಗೆದು, ಉಳಿದ ಭೂಮಿಯನ್ನು ಹೊಸದಾಗಿ ಅಳೆದು, ಪ್ರತಿಯೊಬ್ಬ ರೈತನಿಗೂ ಸ್ವಲ್ಪ ಕಡಿಮೆ ವಿಸ್ತಾರದ ಆದರೆ ರಸ್ತೆಗೆ ಮುಖ ಮಾಡಿದ ತುಂಡನ್ನು ಹಿಂದಿರುಗಿಸುವ ಪದ್ಧತಿ ಅದು. ಗುಜರಾತ್ ಅದನ್ನು ಬಿಡದೆ ಉಳಿಸಿಕೊಂಡಿತು. ಅಹಮದಾಬಾದಿನ 76 ಕಿಲೋಮೀಟರ್ ವರ್ತುಲ ರಸ್ತೆಗೆ ಬಹಳಷ್ಟು ಜಾಗ ಈ ದಾರಿಯಿಂದಲೇ ದೊರೆಯಿತು. ನಮ್ಮ 1961ರ ಕಾಯ್ದೆಯಲ್ಲೂ ಇದಕ್ಕೆ ಒಂದು ಅಧ್ಯಾಯವಿದೆ. ನಮ್ಮದೇ ಅಜ್ಜಂದಿರ ಕಾಲದ ಕಾನೂನನ್ನು ನಾವು ಮರೆತು ಕುಳಿತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಯಾವ ರೈತನೂ ಪೂರ್ತಿ ಭೂಮಿ ಕಳೆದುಕೊಳ್ಳದ, ಯಾರೊಬ್ಬರಿಗೂ ಇಡೀ ಲಾಭ ಹೋಗದ ವ್ಯವಸ್ಥೆ ಅದಾಗಬಹುದಿತ್ತು.

ದೃಶ್ಯ: ಮೊಬೈಲ್ ಪರದೆಯ ಮೇಲೆ ಸರ್ವೆ ನಂಬರು. ಕತ್ತರಿಸಿದ ಪತ್ರಿಕೆಯ ತುಣುಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಆ ಚಿಕ್ಕ ಪ್ರಕಟಣೆ. ಅದರಲ್ಲಿರುವ ಸರ್ವೆ ನಂಬರನ್ನು ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ಹಾಕಿದರೆ ಜಮೀನು ಎಲ್ಲಿದೆಯೆಂದು ಕಾಣುತ್ತದೆ. ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಮಳೆ ಬಿದ್ದ ಮರುದಿನವಾದರೆ ಇನ್ನೂ ಒಳ್ಳೆಯದು. ಆಕ್ಷೇಪಣೆ ಬರೆಯಲು ವಕೀಲರು ಬೇಕಿಲ್ಲ, ಪಕ್ಕದ ಹೊಲದವರಾಗಿರಲೂ ಬೇಕಿಲ್ಲ. ಬಡಾವಣೆ ಬೇಡ ಎಂದು ಬರೆದ ಪತ್ರಕ್ಕಿಂತ, ಈ ಜಮೀನಿನ ಉತ್ತರಕ್ಕೆ ಹಳ್ಳವಿದೆ, ಸಂಪರ್ಕ ರಸ್ತೆ ಇಷ್ಟೇ ಅಡಿ ಇದೆ, ಸುರಂಗದ ಕಿಂಡಿ ಇಲ್ಲಿದೆ ಎಂದು ಫೋಟೋ ಸಹಿತ ಬರೆದ ಪತ್ರಕ್ಕೆ ತೂಕ ಹೆಚ್ಚು, ಏಕೆಂದರೆ ಅದಕ್ಕೆ ಕಡತದಲ್ಲಿ ಉತ್ತರ ಬರೆಯಬೇಕಾಗುತ್ತದೆ. ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪತ್ರಿಕೆಯ ತುಣುಕನ್ನು ಕತ್ತರಿಸಿಟ್ಟುಕೊಳ್ಳುವಾಗ ಅದರ ಅಂಚಿನಲ್ಲಿ ಆ ದಿನದ ತಾರೀಖು ಬರೆದಿಡುವುದನ್ನು ಮರೆಯಬೇಡಿ. ಆಕ್ಷೇಪಣೆಯ ದಿನಗಳ ಎಣಿಕೆ ಶುರುವಾಗುವುದು ಆ ತಾರೀಖಿನಿಂದ.