ಎದೆಬಡಿತ, ಭಯ ಮತ್ತು ಆಸ್ಪತ್ರೆಯ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎದೆಬಡಿತ ಆಗಾಗ ತಪ್ಪುವವರ ಬಗ್ಗೆ ಇವತ್ತು ಮಾತಾಡುತ್ತೇನೆ. ನಾನೂ ಅವರಲ್ಲಿ ಒಬ್ಬಳು. ವೈದ್ಯೆ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆಯವಳು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈ ತೊಂದರೆ ನನಗೆ ಹಲವು ವರ್ಷಗಳಿಂದ ಇದೆ. ಇದರ ಜೊತೆ ಬರುವ ಭಯವೂ ಇತ್ತು. ಬಡಿತದ ತೊಂದರೆ ಒಂದು, ಭಯದ ತೊಂದರೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಮ್ಮ ಕಡೆ ಜನ ಇದನ್ನು ಹೇಳುವ ರೀತಿ ನಿಮಗೆ ಗೊತ್ತೇ ಇದೆ. ‘ಎದೆ ಧಸಕ್ ಅಂತು’, ‘ಒಂದು ಬಡಿತ ನಿಂತೇ ಹೋಯ್ತು’, ‘ಗಂಟಲ ಹತ್ತಿರ ಏನೋ ಗುದ್ದಿದ ಹಾಗಾಯ್ತು’. ಹಿರಿಯರ ಹತ್ತಿರ ಹೇಳಿದರೆ ‘ಗ್ಯಾಸು ಕಣೇ, ಜೀರಿಗೆ ಕಷಾಯ ಕುಡಿ’ ಅನ್ನುತ್ತಾರೆ. ಕಷಾಯ ಕುಡಿಯಿರಿ, ತಪ್ಪಿಲ್ಲ. ಆದರೆ ಒಳಗೆ ನಡೆಯುವುದು ಏನು ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 1 ಲಕ್ಷ ಬಡಿತ. ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿ ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಪ್ರತಿ ಬಡಿತಕ್ಕೂ ವಿದ್ಯುತ್ ಸಂಕೇತ ಹೊರಡುವುದು ಅಲ್ಲಿಂದ. ಒಮ್ಮೊಮ್ಮೆ ಹೃದಯದ ಬೇರೆ ಯಾವುದೋ ಜಾಗದಿಂದ ಸಂಕೇತ ಅವಸರ ಮಾಡಿ ಹೊರಟುಬಿಡುತ್ತದೆ. ಇದನ್ನೇ ವೈದ್ಯರು ಎಕ್ಟೋಪಿಕ್ ಬೀಟ್ ಅನ್ನುವುದು.

ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರಿಗೆ ಕೊಡ ಹಿಡಿಯುವುದನ್ನು ನೆನೆಸಿಕೊಳ್ಳಿ. ಅವಸರದಲ್ಲಿ ಬೇಗ ಎತ್ತಿದರೆ ಕೊಡ ಅರ್ಧವೇ ತುಂಬಿರುತ್ತದೆ. ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ತುಂಬಿ ತುಳುಕುತ್ತದೆ. ಹೃದಯವೂ ಹಾಗೇ. ಬೇಗ ಬಂದ ಬಡಿತದಲ್ಲಿ ರಕ್ತ ಕಡಿಮೆ, ಆದ್ದರಿಂದ ಎಷ್ಟೋ ಸಲ ನಾಡಿಯಲ್ಲಿ ಅದು ಸಿಗುವುದೇ ಇಲ್ಲ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿ, ಮುಂದಿನ ಬಡಿತ ಜೋರಾಗಿ ಬರುತ್ತದೆ. ನಮಗೆ ‘ಧಸಕ್’ ಅನ್ನಿಸುವುದು ಅದೇ. ನಿಂತುಹೋಯಿತು ಅಂತ ನಾವು ಹೆದರುವ ಹೊತ್ತಿಗೆ ಹೃದಯ ತನ್ನ ಕೆಲಸಕ್ಕೆ ಮರಳಿ ಆಗಿರುತ್ತದೆ.

ಇಂಥ ಬಡಿತಗಳು ಆರೋಗ್ಯವಂತರಲ್ಲೂ ಇರುತ್ತವೆ. ಹೆಚ್ಚಿನವರಿಗೆ ಅದು ತಿಳಿಯುವುದೇ ಇಲ್ಲ. ಉಸಿರು ಒಳಗೆ ಎಳೆದಾಗ ನಾಡಿ ಕೊಂಚ ಚುರುಕಾಗಿ, ಹೊರಗೆ ಬಿಟ್ಟಾಗ ನಿಧಾನವಾಗುವುದೂ ಸಹಜ. ಎಳೆಯ ವಯಸ್ಸಿನವರಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಗಡಿಯಾರದಷ್ಟು ಸಮನಾಗಿ ಬಡಿಯಬೇಕು ಅನ್ನುವ ನಿಯಮ ಹೃದಯಕ್ಕೆ ಇಲ್ಲ.

ಹಾಗಾದರೆ ಇಷ್ಟು ಹೆದರಿಕೆ ಯಾಕೆ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. 46 ವರ್ಷದ, ದಿನವೂ ವ್ಯಾಯಾಮ ಮಾಡುತ್ತಿದ್ದ ಮನುಷ್ಯ. ಆ ನೋವು ಇನ್ನೂ ನಮ್ಮೊಳಗೆ ಇದೆ. 2025ರ ಜೂನ್ ಮತ್ತು ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಎದೆಯಲ್ಲಿ ಒಂದು ಬಡಿತ ಆಚೀಚೆ ಆದರೂ ಆ ಸುದ್ದಿಗಳೆಲ್ಲ ಕಣ್ಣ ಮುಂದೆ ಬರುತ್ತವೆ. ಆದರೆ ಹೃದಯಾಘಾತ ಅಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅಪರೂಪಕ್ಕೆ ಒಂದು ಬಡಿತ ಅವಸರ ಮಾಡುವುದು ಅದಲ್ಲ.

ಅದಲ್ಲ ಅಂತ ನಾವೇ ತೀರ್ಮಾನ ಮಾಡಬಾರದು ಅನ್ನುವುದೂ ಅಷ್ಟೇ ಮುಖ್ಯ. ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಿ. ಸಾಮಾನ್ಯ ಇಸಿಜಿ ಹಿಡಿಯುವುದು 10 ಸೆಕೆಂಡಿನ ಆಸುಪಾಸು ಮಾತ್ರ. ಆ ಹೊತ್ತಿಗೆ ಬಡಿತ ತಪ್ಪದಿದ್ದರೆ ಕಾಗದದಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ವೈದ್ಯರು ಹೋಲ್ಟರ್ ಅನ್ನುವ ಪುಟ್ಟ ಯಂತ್ರವನ್ನು 24 ಗಂಟೆ ಎದೆಗೆ ಕಟ್ಟುತ್ತಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿ, ಅದರ ಶಕ್ತಿ, ಕವಾಟ ನೋಡುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆಯಾಗಿಯೇ ಎಷ್ಟೋ ಸಲ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಹೋಲ್ಟರ್ ಇನ್ನೊಂದು ಉಪಕಾರ ಮಾಡುತ್ತದೆ. ದಿನದ ಬಡಿತದಲ್ಲಿ ಇಂಥವು ಎಷ್ಟು ಪಾಲು ಅಂತ ಲೆಕ್ಕ ಕೊಡುತ್ತದೆ. ಕೆಳಗಿನ ಕೋಣೆಯಿಂದ ಬರುವ ಇಂಥ ಬಡಿತಗಳು ನೂರಕ್ಕೆ 10ಕ್ಕಿಂತ ಜಾಸ್ತಿ ಇದ್ದು, ಹಾಗೇ ಮುಂದುವರಿದರೆ ಕೆಲವರಲ್ಲಿ ಹೃದಯದ ಸ್ನಾಯು ಸೋಲಬಹುದು. ಅದಕ್ಕೆ ಚಿಕಿತ್ಸೆ ಇದೆ.

ತಡಮಾಡಬಾರದ ಲಕ್ಷಣಗಳು ಇವು: ಬಡಿತ ತಪ್ಪಿದಾಗ ಕಣ್ಣು ಕತ್ತಲೆ ಬಂದು ಬೀಳುವುದು. ಎದೆನೋವು, ಏದುಸಿರು. ಗುಡ್ಡ ಹತ್ತುವಾಗ, ಹೊರೆ ಹೊರುವಾಗಲೇ ತೊಂದರೆ ಕಾಣಿಸಿಕೊಳ್ಳುವುದು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಲೇಬೇಕು.

ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದರಲ್ಲಿ ಒಂದೋ ಎರಡೋ ಬಡಿತ ತಪ್ಪುವುದಲ್ಲ, ನಾಡಿಗೆ ಲಯವೇ ಇರುವುದಿಲ್ಲ. ಹೃದಯದ ಮೇಲಿನ ಕೋಣೆಗಳು ಬಡಿಯದೆ ಬರೀ ಅದುರುತ್ತವೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ, ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಲಕ್ವದ ಅಪಾಯ ಇವರಿಗೆ ಉಳಿದವರಿಗಿಂತ ಸುಮಾರು 5 ಪಟ್ಟು. ಕೆಲವರಿಗೆ ಎದೆಯಲ್ಲಿ ಏನೂ ಅನ್ನಿಸುವುದೇ ಇಲ್ಲ. ಅದಕ್ಕೇ 65 ದಾಟಿದವರು ಆಸ್ಪತ್ರೆಗೆ ಯಾವ ಕಾರಣಕ್ಕೆ ಹೋದರೂ ಒಂದು ನಿಮಿಷ ನಾಡಿ ನೋಡಿಸಿಕೊಳ್ಳಿ. ಬಿಪಿ ಮಷಿನ್, ಬೆರಳಿಗೆ ಹಾಕುವ ಆಕ್ಸಿಮೀಟರ್ ಬಡಿತ ತಪ್ಪುವವರಲ್ಲಿ ತಪ್ಪು ಲೆಕ್ಕ ತೋರಿಸಬಹುದು. ಕೈಯಿಂದ ನಾಡಿ ನೋಡುವುದೇ ಮೇಲು.

ಚಿಕ್ಕಂದಿನಲ್ಲಿ ಗಂಟಲು ನೋವಾಗಿ, ಆಮೇಲೆ ಕೀಲು ಬಾತು, ಜ್ವರ ಬಂದದ್ದು ನೆನಪಿದೆಯಾ? ಅದು ರುಮ್ಯಾಟಿಕ್ ಜ್ವರ ಆಗಿರಬಹುದು. ಆ ಜ್ವರದಿಂದ ಹೃದಯದ ಕವಾಟ ಕಿರಿದಾದವರು ನಮ್ಮ ದೇಶದಲ್ಲಿ ಬಹಳ. ಈ ಲಯ ತಪ್ಪುವಿಕೆ ಅವರಿಗೆ ಸಣ್ಣ ವಯಸ್ಸಿಗೇ ಬರಬಹುದು. ಆ ಜ್ವರ ಮತ್ತೆ ಬರದ ಹಾಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹೇಳಿರುವ ಮಕ್ಕಳಿದ್ದರೆ, ಮಳೆ ಅಂತ, ಬಸ್ಸಿಲ್ಲ ಅಂತ ದಯವಿಟ್ಟು ತಪ್ಪಿಸಬೇಡಿ.

ಹೀಗೆ ಹೆಪ್ಪುಗಟ್ಟದಂತೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೂ ನಾಲ್ಕು ಮಾತು ಹೇಳಬೇಕು. ವಾರ್ಫರಿನ್ ಅಥವಾ ಅಸಿಟ್ರೋಮ್ ಇದ್ದರೆ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಪರೀಕ್ಷೆ, ಬಿಡಬೇಡಿ. ಹೆಚ್ಚಿನವರಿಗೆ ಅದು 2ರಿಂದ 3ರ ಒಳಗೆ ಇರಬೇಕು. ಎಲೆ ತರಕಾರಿಯಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗಂತ ಪತ್ರೊಡೆ, ಬಸಳೆ ಬಿಡಬೇಕಿಲ್ಲ. ಒಂದು ವಾರ ದಿನವೂ ತಿಂದು, ಮುಂದಿನ ತಿಂಗಳು ಮುಟ್ಟದೇ ಇರುವುದು ಬೇಡ, ಅಷ್ಟೇ. ಮಳೆಗಾಲದಲ್ಲಿ ತೋಟದಲ್ಲಿ ಉಂಬಳ (ಜಿಗಣೆ) ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಗಾಬರಿ ಬೇಡ, ಬಟ್ಟೆ ಒತ್ತಿ ಹಿಡಿಯಿರಿ. ಸೊಂಟನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ. ಅದು ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು.

ನನ್ನಂತೆ ಪರೀಕ್ಷೆಯೆಲ್ಲ ಮಾಡಿಸಿ, ‘ಹೃದಯ ಚೆನ್ನಾಗಿದೆ, ಹೆದರಬೇಡಿ’ ಅನ್ನಿಸಿಕೊಂಡು ಮನೆಗೆ ಬಂದವರು ತುಂಬ ಜನ ಇದ್ದೀರಿ. ಬಂದ ಮೇಲೂ ರಾತ್ರಿ ಕೈ ನಾಡಿಯ ಮೇಲೇ ಇರುತ್ತದೆ, ಅಲ್ವಾ? ಎಡಮಗ್ಗುಲಿಗೆ ಮಲಗಿದರೆ ಬಡಿತ ಇನ್ನೂ ಜಾಸ್ತಿ ತಿಳಿಯುತ್ತದೆ. ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಅಡ್ರಿನಲಿನ್ ಏರಿದರೆ ಇಂಥ ಬಡಿತ ಹೆಚ್ಚುತ್ತದೆ. ಹೆಚ್ಚಿದರೆ ಮತ್ತೆ ಭಯ. ನಾಡಿ ಹಿಡಿದು ಕಾಯುವುದು ಈ ಸುತ್ತನ್ನು ಬಿಗಿ ಮಾಡುತ್ತದೆ. ನನಗೆ ವೈದ್ಯರು ಹೇಳಿದ್ದು ಇಷ್ಟು: ಕೈ ನಾಡಿಯಿಂದ ತೆಗೆಯಿರಿ, ಮಗ್ಗುಲು ಬದಲಿಸಿ, ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ಇದನ್ನು ಅಭ್ಯಾಸ ಮಾಡಲು ಸಮಯ ಹಿಡಿಯಿತು, ಆದರೆ ಫಲ ಸಿಕ್ಕಿತು.

ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ನನಗೆ ಇದು ಹೆಚ್ಚುತ್ತಿತ್ತು. ಅಡಿಕೆ ಸುಲಿಯುತ್ತಾ ರಾತ್ರಿ ನಿದ್ದೆಗೆಡುವುದು, ಮೇಲಿಂದ ಮೇಲೆ ಟೀ, ನಡುನಡುವೆ ಎಲೆಅಡಿಕೆ. ಅಡಿಕೆ ಸೊಕ್ಕಿದರೆ ಬೆವತು, ಬಡಿತ ಜೋರಾಗುವುದು ಅಡಿಕೆ ಸೀಮೆಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಿದ್ದೆ ಸರಿ ಮಾಡಿಕೊಂಡದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಒಳ್ಳೆಯದಾಯಿತು. ತಂಬಾಕು, ಹೆಂಡ ಇದ್ದವರು ಅದನ್ನು ಬಿಡಬೇಕು.

ಮಲೆನಾಡಿನವರ ಭಯದಲ್ಲಿ ಇನ್ನೊಂದು ಪಾಲು ಇದೆ. ಅದು ದಾರಿಯದು. ಆಷಾಢದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ಆಗುಂಬೆ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಪೇಟೆಯವರಿಗೆ ‘ಧಸಕ್’ ಅಂದರೆ ಬರೀ ಎದೆಬಡಿತ. ನಮಗೆ ಅದರ ಜೊತೆ ಇಷ್ಟೂ ನೆನಪಾಗುತ್ತದೆ. ಈ ಭಯ ಸುಳ್ಳಲ್ಲ. ಇದಕ್ಕೆ ಸಮಾಧಾನದ ಮಾತು ಸಾಲದು, ಏರ್ಪಾಡು ಬೇಕು.

ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ. ಹಳೆಯ ಇಸಿಜಿ, ಎಕೋ ವರದಿ, ಮಾತ್ರೆ ಚೀಟಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರ ತೂಗುಹಾಕಿದ್ದೇವೆ. ಹಳೆಯ ಇಸಿಜಿ ಜೊತೆ ಹೋಲಿಸಿದರೆ ವೈದ್ಯರಿಗೆ ಹೊಸ ತೊಂದರೆ ಯಾವುದು ಅಂತ ಬೇಗ ತಿಳಿಯುತ್ತದೆ. 108ಕ್ಕೆ ಫೋನ್ ಮಾಡಿದಾಗ ಹೇಳಬೇಕಾದ ದಾರಿಯ ಗುರುತನ್ನು ಗೋಡೆಯ ಮೇಲೆ ಬರೆದಿದ್ದೇವೆ. ಜೀಪಿರುವ ಪಕ್ಕದ ಮನೆಯವರ ಹತ್ತಿರ ಮೊದಲೇ ಮಾತಾಡಿದ್ದೇವೆ. ‘ಎಷ್ಟು ಹೊತ್ತಿಗೆ ಕರೆದರೂ ಬರ್ತೀನಿ ಅತ್ತಿಗೆ’ ಅಂದಿದ್ದಾರೆ ಅವರು. ಆ ಒಂದು ಮಾತಿನ ಮೇಲೆ ನಾನು ನಿದ್ದೆ ಮಾಡಿದ ರಾತ್ರಿಗಳು ಎಷ್ಟೋ.

ಭಯವೇ ದೊಡ್ಡದಾಗಿ ಊಟ, ನಿದ್ದೆ ಕೆಟ್ಟಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದೇ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ರಾತ್ರಿ ಅಮ್ಮ ಫೋನ್ ಮಾಡಿ ‘ಎದೆ ಒಂಥರಾ ಆಗ್ತಿದೆ’ ಅಂದರೆ, ‘ಏನಿಲ್ಲ ಬಿಡಮ್ಮ’ ಅನ್ನಬೇಡಿ. ಎದೆನೋವು ಇದೆಯಾ, ಉಸಿರು ಕಟ್ಟುತ್ತಿದೆಯಾ, ತಲೆ ಸುತ್ತುತ್ತಿದೆಯಾ ಅಂತ ಕೇಳಿ. ಹೌದು ಅಂದರೆ 108ಕ್ಕೂ ಪಕ್ಕದ ಮನೆಗೂ ನೀವೇ ಫೋನ್ ಮಾಡಿ. ಇಲ್ಲ ಅಂದರೆ, ಅವರು ಸಮಾಧಾನವಾಗುವ ತನಕ ಲೈನಿನಲ್ಲೇ ಇರಿ.

ನಮಸ್ಕಾರ.