ಕೆಲಸ ಹೋದದ್ದನ್ನು ಮೊದಲು ಮನೆಯಲ್ಲಿ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಟರ್ನರ್ ಕೆಲಸದವನು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ 17 ವರ್ಷ ಲೋಹ ಕಡೆಯುವ ಲೇತ್ ಮಷಿನ್ ಓಡಿಸಿದೆ. 2021ರಲ್ಲಿ ಅದು ಮುಚ್ಚಿತು. ಅವತ್ತು ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಹೆಂಡತಿಗೆ ಹೇಳಲಿಲ್ಲ. ಮಾರನೆಯ ದಿನ ಎಂದಿನಂತೆ ಡಬ್ಬಿ ತಗೊಂಡು ಹೊರಟೆ. ಹೀಗೆ 40 ದಿನ.

ಆ 40 ದಿನದ ಬಗ್ಗೆ ಮಾತಾಡೋಣ ಅಂತಲೇ ಬಂದಿದ್ದೇನೆ. ಕೆಲಸ ಹೋಗಿದ್ದಕ್ಕಿಂತ, ಅದನ್ನು ಮುಚ್ಚಿಟ್ಟಿದ್ದರಿಂದ ನನಗೆ ಆದ ನಷ್ಟ ಜಾಸ್ತಿ.

ಮೊದಲ ವಾರವೇ ಅವಳು ಕಂತಿನ ಮೇಲೆ ಫ್ರಿಜ್ ತಂದಳು. ಅವಳಿಗೆ ಗೊತ್ತಿರಲಿಲ್ಲ ಅಲ್ವಾ? ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನಾಚಿಕೆಯಿಂದ ಹಳೆ ಆಫೀಸಿನ ಕಡೆ ತಲೆಯನ್ನೂ ಹಾಕಲಿಲ್ಲ. ಲೆಕ್ಕ ಚುಕ್ತಾ ಮಾಡಲು ಒಬ್ಬರು ಒಂದು ತಿಂಗಳು ಅಲ್ಲೇ ಕೂತಿದ್ದರಂತೆ. ಹೋದವರಿಗೆ ಗ್ರಾಚುಯಿಟಿ ಬೇಗ ಬಂತು. 5 ವರ್ಷ ದಾಟಿದವರಿಗೆ ಒಂದೊಂದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ ಅದು. 17 ವರ್ಷಕ್ಕೆ ಎಷ್ಟಾಗುತ್ತದೆ, ನೀವೇ ನೋಡಿ. ನಾನು ಆಮೇಲೆ ತಿಂಗಳುಗಟ್ಟಲೆ ಅಲೆದೆ.

ಪಿಎಫ್ ಕೂಡ ಸಿಕ್ಕಿಹಾಕಿಕೊಂಡಿತು. ಆಧಾರ್‌ನಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇದೆ, ಪಿಎಫ್‌ನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಎಷ್ಟೋ ಜನರದ್ದು ಹೀಗೇ ಇರುತ್ತದೆ. ಕೆಲಸ ಬಿಟ್ಟ ತಾರೀಖನ್ನೂ ಕಂಪನಿಯವರು ಹಾಕಿರಲಿಲ್ಲ. ಕಂಪನಿ ಕೊನೆಯ ಪಿಎಫ್ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆ ತಾರೀಖನ್ನು ಪಿಎಫ್‌ನವರ ಯುಎಎನ್ ಪೋರ್ಟಲ್‌ನಲ್ಲಿ ನಾವೇ ಹಾಕಬಹುದು. ನನಗದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ನಮ್ಮಲ್ಲೇ ಹೆಲ್ಪರ್ ಆಗಿದ್ದ ಹುಡುಗ ಜಾಣ. ನೇರ ಕಾರ್ಮಿಕರ ವಿಮೆಯ ಇಎಸ್‌ಐ ಆಫೀಸಿಗೆ ಹೋಗಿ ಕೇಳಿದ. ಕೆಲಸ ಹೋದವರಿಗೆ ಸರಾಸರಿ ಕೂಲಿಯ ಅರ್ಧದಷ್ಟು, 90 ದಿನದವರೆಗೆ ಕೊಡುವ ಅಟಲ್ ಯೋಜನೆ ಅಲ್ಲಿತ್ತು. ಅವನಿಗೆ ಸಿಕ್ಕಿತು. ಕೇಳಿದ್ದಕ್ಕೆ ಸಿಕ್ಕಿತು.

ಕೊನೆಗೆ ನಾನಾಗಿ ಹೇಳಲಿಲ್ಲ. ಒಂದು ರಾತ್ರಿ ಅವಳೇ ಕೇಳಿದಳು: "ವಾರದಿಂದ ಡಬ್ಬಿಯಲ್ಲಿ ಅರ್ಧ ಊಟ ಹಾಗೇ ವಾಪಸ್ ಬರ್ತಿದೆ. ಏನಾಗಿದೆ ಹೇಳ್ರೀ." ಹೇಳಿದೆ. ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಬೆಳಿಗ್ಗೆ ಎದ್ದು ಅವರ ಅಣ್ಣನಿಗೆ ಫೋನ್ ಮಾಡಿದಳು.

ಪೀಣ್ಯದಲ್ಲಿ ಗೇಟಿಗೆ ನೇತುಹಾಕಿದ "ಬೇಕಾಗಿದ್ದಾರೆ" ಬೋರ್ಡುಗಳನ್ನು ನೀವು ನೋಡಿರುತ್ತೀರಿ. ನಾನು ನೋಡಿದ ಕಡೆಯೆಲ್ಲ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಷಿನ್, ಅದರ ಆಪರೇಟರ್ ಬೇಕು ಅಂತಿತ್ತು. ನನಗೆ ಬರುತ್ತಿದ್ದದ್ದು ಹಳೆ ಲೇತ್. ಭಾವ ರಾಜಾಜಿನಗರದ ಜಿಟಿಟಿಸಿಗೆ ಕರೆದುಕೊಂಡು ಹೋದರು. ಸರ್ಕಾರದ ತರಬೇತಿ ಕೇಂದ್ರ ಅದು. 46ನೇ ವಯಸ್ಸಲ್ಲಿ, 20ರ ಹುಡುಗರ ಪಕ್ಕ ಕೂತು ಸಿಎನ್‌ಸಿ ಕಲಿತೆ. ಅಳತೆ, ಲೋಹದ ಗುಣ ನನಗೆ ಗೊತ್ತಿತ್ತು. ಪ್ರೋಗ್ರಾಂ ಅವರು ಹೇಳಿಕೊಟ್ಟರು. ನಾಲ್ಕು ತಿಂಗಳ ಮೇಲೆ ಕೆಲಸ ಸಿಕ್ಕಿತು, ಮೊದಲಿಗಿಂತ 3,000 ರೂಪಾಯಿ ಕಡಿಮೆಗೆ. ಒಪ್ಪಿಕೊಂಡೆ.

ಒಂದು ಎಚ್ಚರಿಕೆ. ಕೆಲಸ ಕೊಡಿಸ್ತೀನಿ ಅಂತ ಮೊದಲೇ ದುಡ್ಡು ಕೇಳುವವರಿಗೆ ಬಿಡಿಗಾಸೂ ಕೊಡಬೇಡಿ. ಆನ್‌ಲೈನ್‌ನಲ್ಲಿ ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಲ್ಲಿ ಕೂತವರಲ್ಲಿ ಯಾರಾದರೂ ಇನ್ನೂ ಮನೆಯಲ್ಲಿ ಹೇಳದೆ ಇರಬಹುದು. ಇವತ್ತು ರಾತ್ರಿ ಹೇಳಿ. ಆಧಾರ್‌ಗೆ ಲಿಂಕ್ ಆಗಿರುವ ಫೋನ್ ತಂದವರು ಆಮೇಲೆ ಆ ಮೇಜಿನ ಹತ್ತಿರ ಬನ್ನಿ, ಪಿಎಫ್‌ನಲ್ಲಿ ಹೆಸರು, ತಾರೀಖು ಸರಿ ಇದೆಯಾ ಅಂತ ಒಟ್ಟಿಗೆ ನೋಡೋಣ.