ಬ್ರಸೆಲ್ಸ್‌ನ ಗುಜರಿ ಸಂತೆ: ದಿಬ್ಬದ ಕೆಳಗೆ ಒಂದು ರೇಟು, ಮೇಲೆ ಇನ್ನೊಂದು

ಬ್ರಸೆಲ್ಸ್‌ಗೆ ಬಂದವರು ಗ್ರಾಂಡ್ ಪ್ಲಾಸ್ ನೋಡುತ್ತಾರೆ, ಉಚ್ಚೆ ಹೊಯ್ಯುವ ಹುಡುಗನ ಪುಟಾಣಿ ಪ್ರತಿಮೆ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಚಾಕೊಲೇಟ್ ಕಟ್ಟಿಸಿಕೊಂಡು ಆಮ್‌ಸ್ಟರ್‌ಡ್ಯಾಮ್ ರೈಲು ಹತ್ತುತ್ತಾರೆ. ಈ ವಿಡಿಯೋದಲ್ಲಿ ಅದ್ಯಾವುದೂ ಇಲ್ಲ. ಇವತ್ತು ಪೂರ್ತಿ ಗುಜರಿ.

ಈಗ ನಿಮಗೆ ಕಾಣುತ್ತಿರುವ ಚೌಕದ ಹೆಸರು ಪ್ಲಾಸ್ ದ್ಯು ಜೂ ದ ಬಾಲ್. ಮರೋಲ್ ಅನ್ನುವ ಹಳೇ ಕೇರಿಯ ನಟ್ಟನಡುವೆ ಇದೆ. ಬೋರ್ಡಿನಲ್ಲಿ ಡಚ್ ಹೆಸರೂ ಇರುತ್ತೆ, ವೊಸೆನ್‌ಪ್ಲೇನ್ ಅಂತ. ಮ್ಯಾಪ್‌ನಲ್ಲಿ ಯಾವುದು ಹಾಕಿದರೂ ಇಲ್ಲಿಗೇ ಬರುತ್ತೀರಿ. ಪೋರ್ಟ್ ದ ಹಾಲ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ 14ನೇ ಶತಮಾನದ ಕೋಟೆ ಬಾಗಿಲು. ಅಲ್ಲಿಂದ ಬ್ಲಾಸ್ ಬೀದಿ ಹಿಡಿದು ಸ್ವಲ್ಪ ನಡೆದರೆ ಸಾಕು.

ಮ್ಯಾಡ್ರಿಡ್‌ನ ಗುಜರಿ ಸಂತೆ ರಾಸ್ತ್ರೋ ನೋಡಬೇಕು ಅಂದರೆ ಭಾನುವಾರಕ್ಕೆ ಕಾಯಬೇಕು. ಲಿಸ್ಬನ್‌ನ ಫೇರಾ ದ ಲಾದ್ರಾಗೆ ಮಂಗಳವಾರ, ಇಲ್ಲಾ ಶನಿವಾರ. ಇಲ್ಲಿ ಹಾಗಲ್ಲ, ದಿನಾ ಸಂತೆ. ಮಳೆ ಬಂದರೂ ಸರಿ. ಮಳೆ ಬಂದರೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ, ನಿಂತಮೇಲೆ ತೆಗೆಯುತ್ತಾರೆ. ಬ್ರಸೆಲ್ಸ್‌ನಲ್ಲಿ ಈ ಕೆಲಸ ಒಂದೇ ಬೆಳಗ್ಗೆ ನಾಲ್ಕು ಸಲ ಬಂದರೂ ಬರಬಹುದು.

ಮೊದಲು ಇಲ್ಲಿ ರೈಲು ಎಂಜಿನ್ ಮಾಡುವ ಕಾರ್ಖಾನೆ ಇತ್ತು. 1850ರ ದಶಕದಲ್ಲಿ ಅದು ಹೋಗಿ ಚೌಕ ಬಂತು. 1873ರಲ್ಲಿ ಊರಿನ ಹಳೇ ಬಟ್ಟೆ, ಹಳೇ ಸಾಮಾನಿನ ಸಂತೆಯನ್ನು ಇಲ್ಲಿಗೆ ಎತ್ತಿ ಹಾಕಿದರು. ಹಿಂದಿನ ಜಾಗ ದೊಡ್ಡ ಹೊಸ ರಸ್ತೆಗಳ ಪಕ್ಕದಲ್ಲಿತ್ತು. ಗುಜರಿ ಅಲ್ಲಿ ಕಣ್ಣಿಗೆ ಬೀಳಬಾರದಲ್ಲ! ಬಡವರ ಕೇರಿಗೆ ಕಳಿಸಿದರು. ಕಳಿಸಿದ್ದೇ ಒಳ್ಳೆಯದಾಯಿತು ಅಂತ ನನ್ನ ಲೆಕ್ಕ.

ಟಿನ್‌ಟಿನ್ ಕಾಮಿಕ್ಸ್ ಓದಿದವರಿಗೆ ಇದು ಗೊತ್ತಿರುವ ಜಾಗ. ಯೂನಿಕಾರ್ನ್ ಹಡಗಿನ ಕಥೆ ಶುರುವಾಗುವುದೇ ಈ ಸಂತೆಯಲ್ಲಿ. ಹಡಗಿನ ಮಾದರಿಯೊಂದನ್ನು ಟಿನ್‌ಟಿನ್ ಕೊಳ್ಳುತ್ತಾನೆ, ತಕ್ಷಣ ಇನ್ನಿಬ್ಬರು ನಮಗೆ ಕೊಡಿ ಅಂತ ಗಂಟು ಬೀಳುತ್ತಾರೆ. ಅದರ ಲೇಖಕ ಎರ್ಜೆ ಅದನ್ನು ಬರೆದದ್ದು 1942ರಲ್ಲಿ, ಊರು ಜರ್ಮನರ ಕೈಯಲ್ಲಿದ್ದಾಗ. ಹಡಗಿನ ಮಾದರಿಗಳು ಇವತ್ತೂ ಸಿಗುತ್ತವೆ. ನನ್ನ ಕಣ್ಣಿಗೆ ಬಿದ್ದದ್ದಕ್ಕೆ ಹಾಯಿಪಟವೂ ಇರಲಿಲ್ಲ, ಪಟಕಂಬವೂ ಇರಲಿಲ್ಲ.

ಸರಿ, ಈಗ ಕ್ಯಾಮೆರಾ ಸ್ವಲ್ಪ ಕೆಳಗೆ. ಈ ವಿಡಿಯೋದಲ್ಲಿ ಜಾಸ್ತಿ ನೆಲವೇ ಕಾಣುತ್ತೆ, ಬೇಕಂತಲೇ ಹಾಗೆ ತೆಗೆದಿದ್ದೇನೆ. ವ್ಯಾಪಾರಿಗಳಿಗೆ ಮುಖದ ಮೇಲೆ ಕ್ಯಾಮೆರಾ ಬಂದರೆ ಆಗುವುದಿಲ್ಲ. ಕೇಳಿದೆ, ಬೇಡ ಅಂದರು, ಬಿಟ್ಟೆ. ಸಾಮಾನು ತೆಗೆದುಕೋ ಅಂದರು. ಹೇಗಿದ್ದರೂ ನೋಡಬೇಕಾದ್ದೆಲ್ಲ ನೆಲದ ಮೇಲೇ ಇದೆ, ಅಲ್ವಾ?

ಕಲ್ಲು ಹಾಸಿನ ಮೇಲೆ ಕಂಬಳಿ. ಕಂಬಳಿ ಮೇಲೆ ಬಾಳೆಹಣ್ಣು ಬರುವ ರಟ್ಟಿನ ಡಬ್ಬಗಳು. ಒಳಗೆ ಏನಿದೆ ಅನ್ನುವುದು ಎಷ್ಟೋ ಸಲ ಮಾರುವವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಯಾಕೆ ಅಂದರೆ ಇದರಲ್ಲಿ ಬಹಳಷ್ಟು ಬರುವುದು ಮನೆ ಖಾಲಿ ಮಾಡಿಸಿದಾಗ. ಒಬ್ಬರು ವಯಸ್ಸಾಗಿ ತೀರಿಕೊಳ್ಳುತ್ತಾರೆ, ಇಲ್ಲಾ ವೃದ್ಧಾಶ್ರಮ ಸೇರುತ್ತಾರೆ. ಮಕ್ಕಳು ಬೇರೆ ಊರಲ್ಲಿ. ಬೇಕಾದ್ದು ಎತ್ತಿಕೊಂಡು, ಉಳಿದದ್ದನ್ನು ಇಡಿಯಾಗಿ ಒಬ್ಬರಿಗೆ ವಹಿಸುತ್ತಾರೆ. ವ್ಯಾನ್ ಬರುತ್ತೆ, ಮೂರು ಮಹಡಿಯ ಸಂಸಾರ ಡಬ್ಬ ಸೇರಿ ಇಲ್ಲಿಗೆ ಬರುತ್ತೆ.

ಅದಕ್ಕೇ ಇಲ್ಲಿ ಒಂದೊಂದು ಸಾಮಾನು ಬಿಡಿಯಾಗಿ ನೋಡಬೇಡಿ. ಒಂದು ಕಂಬಳಿ ಪೂರ್ತಿ ನೋಡಿ. ಇದನ್ನೇ ನೋಡಿ, ಎಡಗಡೆ ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ಬಿಸ್ಕತ್ತಿಲ್ಲ, ಗುಂಡಿಗಳಿವೆ. ಬಿಳಿ ಗುಂಡಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಗಂಟು ಹಾಕಿದ್ದಾರೆ, ಕಪ್ಪಿನವಕ್ಕೆ ಇನ್ನೊಂದು ದಾರ. ಪಕ್ಕದಲ್ಲಿ ಎರಡು ಕನ್ನಡಕ, ಒಂದರ ಕಡ್ಡಿಗೆ ಟೇಪು ಸುತ್ತಿದೆ. ಹೊಲಿಗೆ ಪೆಟ್ಟಿಗೆ, ಶಿಲುಬೆ, ಎನಾಮಲ್ ಕಾಫಿ ಜಗ್. ಜಾಡಿಯೊಂದರಲ್ಲಿ ಬೆಲ್ಜಿಯನ್ ಫ್ರಾಂಕಿನ ಚಿಲ್ಲರೆ. 2002ರಲ್ಲಿ ಯೂರೋ ನೋಟು, ನಾಣ್ಯ ಬಂದಮೇಲೂ ಇದನ್ನು ಬಿಸಾಡಲು ಮನಸ್ಸು ಬಂದಿಲ್ಲ ಆ ಮನೆಯವರಿಗೆ. ಹರಿದರೆ ಹೊಲಿದು, ಮುರಿದರೆ ಕಟ್ಟಿ ಬಾಳಿದ ಮನೆ. ಯಾರದ್ದು ಅಂತ ಕೇಳಿದರೆ ಮಾರುವವರಿಗೂ ಗೊತ್ತಿಲ್ಲ.

ಅದರ ಆಚೆ ಎರಡು ಹಿತ್ತಾಳೆ ಹೂದಾನಿ. ಮೈಮೇಲೆ ಎಲೆ, ಬಳ್ಳಿ ಕೆತ್ತನೆ, ಚೆನ್ನಾಗಿ ಪಾಲಿಶ್ ಮಾಡಿದ್ದಾರೆ. ತಿರುಗಿಸಿ ತಳ ನೋಡಿ. ಕಾರ್ಲ್ಸ್‌ರೂಹೆ, 1917. ಇವು ಹೂದಾನಿ ಅಲ್ಲ, ಫಿರಂಗಿ ಗುಂಡಿನ ಖಾಲಿ ಕೋಶ. ಮೊದಲ ಮಹಾಯುದ್ಧದಲ್ಲಿ ಗುಂಡು ಹಾರಿದ ಮೇಲೆ ಉಳಿದ ಕೋಶಗಳನ್ನು ಸಿಪಾಯಿಗಳು, ಆಮೇಲೆ ಊರಿನ ಕುಶಲಕರ್ಮಿಗಳು ಕೆತ್ತಿ ಹೀಗೆ ಮಾರುತ್ತಿದ್ದರು. ಬೆಲ್ಜಿಯಂನ ಪಶ್ಚಿಮದ ಈಪ್ರ್ ಸುತ್ತಮುತ್ತ ನಾಲ್ಕು ವರ್ಷ ಬಿದ್ದದ್ದೆಲ್ಲ ಇಂಥ ಫಿರಂಗಿ ಗುಂಡುಗಳೇ. 1914ರ ಅಕ್ಟೋಬರಿನಲ್ಲಿ ಅಲ್ಲಿಗೆ ಭಾರತದಿಂದ ಹೋದ ಸೈನಿಕರೂ ಕಾದಿದ್ದಾರೆ. ಸತ್ತು ಸಮಾಧಿಯೂ ಸಿಗದೆ ಹೋದವರ ಹೆಸರು ಅಲ್ಲಿನ ಮೆನಿನ್ ಗೇಟ್ ಸ್ಮಾರಕದ ಗೋಡೆಯಲ್ಲಿದೆ. ಯಾರದೋ ಟಿವಿ ಮೇಲೆ ಪ್ಲಾಸ್ಟಿಕ್ ಹೂವು ಹಿಡಿದು ನಿಂತಿದ್ದವು ಇವು, ಇಷ್ಟು ವರ್ಷ.

ನನ್ನ ಜೊತೆ ಇರುವವಳು ಲ್ಯೂವೆನ್‌ನಲ್ಲಿ ಕೆಲಸ ಮಾಡುವ ಗೆಳತಿ, ಹಾಸನದವಳು. ಅವಳಿಗೆ ಇದೆಲ್ಲ ತಲೆನೋವು. "ಸತ್ತೋರ ಮನೆ ಸಾಮಾನು ಕಣೇ, ಮುಟ್ಬೇಡ, ಕೈ ತೊಳ್ಕೋಬೇಕು" ಅಂತ ಬೆಳಗ್ಗೆಯಿಂದ ರಾಗ. ಆದರೆ ಫ್ರೆಂಚ್ ಬರುವುದು ಅವಳಿಗೆ, ಹಾಗಾಗಿ ಬಿಡುವ ಹಾಗಿಲ್ಲ.

ಚೌಕಾಸಿ ಹೇಗೆ ನಡೆಯಿತು ನೋಡಿ. ನನ್ನ ಕಣ್ಣು ಬಿದ್ದದ್ದು ಈ ಕಾಫಿ ಬೀಸುವ ಯಂತ್ರದ ಮೇಲೆ. ಮರದ ಪೆಟ್ಟಿಗೆ, ಮೇಲೆ ಲೋಹದ ಬಟ್ಟಲು, ಕೈಯಲ್ಲಿ ತಿರುಗಿಸುವ ಹಿಡಿ, ಕೆಳಗೆ ಪುಡಿ ಬೀಳಲು ಸಣ್ಣ ಡ್ರಾಯರ್. ಮುಂದೆ ತಗಡಿನ ಚೀಟಿಯಲ್ಲಿ ಪೆಜೊ ಅಂತ ಇದೆ. ಹೌದು, ಅದೇ ಕಾರಿನ ಪೆಜೊ. ಕಾರಿಗಿಂತ ಎಷ್ಟೋ ಮೊದಲು, 1840ರಿಂದಲೇ ಆ ಮನೆತನ ಕಾಫಿ ಬೀಸುವ ಯಂತ್ರ ಮಾಡುತ್ತಿತ್ತು.

ಇಂಥದ್ದು ಕೊಳ್ಳುವಾಗ ಮರ ನೋಡಬೇಡಿ, ಮರಕ್ಕೆ ಪಾಲಿಶ್ ಯಾವಾಗ ಬೇಕಾದರೂ ಹಾಕಬಹುದು. ಹಿಡಿ ತಿರುಗಿಸಿ. ಕರಕರ ಅಂದರೆ ಒಳಗಿನ ಹಲ್ಲು ಒಂದಕ್ಕೊಂದು ಉಜ್ಜುತ್ತಿದೆ, ಬಿಗಿ ಮಾಡಿದರೆ, ಸಡಿಲ ಮಾಡಿದರೆ ಸರಿಹೋಗುತ್ತಾ ನೋಡಬೇಕು. ಹಲ್ಲಿನ ಏಣು ಬೆರಳಿಗೆ ಚೂಪಾಗಿ ತಾಗಬೇಕು. ಡ್ರಾಯರ್ ಅದರದ್ದೇನಾ, ಬೇರೆಯದು ತಂದು ತುರುಕಿದ್ದಾರಾ ನೋಡಿ. ಇದರ ಡ್ರಾಯರ್ ಮೂಲೆಯಲ್ಲಿ ಇನ್ನೂ ಕಂದು ಪುಡಿ ಕೂತಿತ್ತು. ಮೂಸಿದೆ. ಕಾಫಿ ವಾಸನೆ ಏನೂ ಇಲ್ಲ, ಹಳೇ ಬೀರುವಿನ ವಾಸನೆ. ಪಿಂಗಾಣಿ ಕೊಳ್ಳುವುದಾದರೆ ನಮ್ಮ ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ಉಗುರಲ್ಲಿ ತಟ್ಟಿ, ಠಣ್ ಅನ್ನಬೇಕು. ತಳದಲ್ಲಿ ಬಾಕ್ ಕಂಪನಿ ಮುದ್ರೆ ಇದ್ದರೆ ಬೆಲ್ಜಿಯಂನ ಲಾ ಲುವಿಯೇರ್‌ನಲ್ಲಿ ಮಾಡಿದ್ದು, ಇಲ್ಲಿ ಬೇಕಾದಷ್ಟು ಸಿಗುತ್ತೆ.

ಕಾಫಿ ಯಂತ್ರಕ್ಕೆ ವ್ಯಾಪಾರಿ ಇಪ್ಪತ್ತೈದು ಯೂರೋ ಅಂದರು. ಗೆಳತಿ ಹತ್ತು ಅಂದಳು. ಅವರು ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಕಂಬಳಿ ಮೇಲೆ ಇಟ್ಟರು, ಪಕ್ಕದವರ ಜೊತೆ ಅರಬ್ಬಿಯಲ್ಲಿ ಮಾತು ಶುರು ಮಾಡಿದರು. ಇಲ್ಲಿ ಬಹಳ ಜನ ವ್ಯಾಪಾರಿಗಳು ಮೊರಾಕೊ ಮೂಲದವರು. 1964ರಲ್ಲಿ ಬೆಲ್ಜಿಯಂ ಮೊರಾಕೊ ಜೊತೆ ಒಪ್ಪಂದ ಮಾಡಿಕೊಂಡು ಗಣಿ, ಕಾರ್ಖಾನೆಗಳಿಗೆ ಕೆಲಸದವರನ್ನು ಕರೆಸಿಕೊಂಡಿತು. ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇವತ್ತು ಈ ಊರಿನವರು. ಚೌಕಾಸಿಯಲ್ಲಿ ಅವರನ್ನು ಗೆಲ್ಲುತ್ತೇನೆ ಅಂದುಕೊಂಡು ಹೋಗಬೇಡಿ. ನಾವು ಎರಡು ಹೆಜ್ಜೆ ಹೋದೆವು, ಕರೆಯಲಿಲ್ಲ. ನಾಲ್ಕು ಹೆಜ್ಜೆ, ಆಗಲೂ ಕರೆಯಲಿಲ್ಲ. ನಾವೇ ವಾಪಸ್ ಬಂದೆವು. ಹದಿನೆಂಟಕ್ಕೆ ಮುಗಿಯಿತು. ಕಟ್ಟಿಕೊಡುವಾಗ ಸ್ಟೀಲ್ ಚಮಚ ಒಂದು ಸುಮ್ನೆ ಸೇರಿಸಿ ಕೊಟ್ಟರು.

ಈ ಭಾಗ ಸ್ವಲ್ಪ ಬೇರೆ. ಇಲ್ಲಿ ಸಂಗೀತ ಹಾಕಿಲ್ಲ.

ಫೋಟೋ ಆಲ್ಬಮ್‌ಗಳ ಡಬ್ಬದಲ್ಲಿ ಮದುವೆ, ನಾಮಕರಣ, ಕಡಲ ತೀರದ ರಜೆ, ಎಲ್ಲ ಇರುತ್ತೆ. ಒಂದು ಆಲ್ಬಮ್ ತೆರೆದರೆ ಕಾಂಗೋ. ಬಿಳಿ ಟೋಪಿ, ಬಿಳಿ ಚಡ್ಡಿ ಹಾಕಿದ ಒಬ್ಬ ವರಾಂಡದಲ್ಲಿ ಕುರ್ಚಿ ಮೇಲೆ. ಹಿಂದೆ ಸಾಲಾಗಿ ನಿಂತ ಕೆಲಸದವರು. ಫೋಟೋ ಕೆಳಗೆ ಬಿಳಿಯನ ಹೆಸರು, ತಾರೀಕು, ನಾಯಿಯ ಹೆಸರು ಕೂಡ ಇದೆ. ಆ ಜನರ ಹೆಸರು ಒಂದೂ ಇಲ್ಲ. ಕಾಂಗೋ ಮೊದಲು ರಾಜ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿಯ ಹಾಗಿತ್ತು, 1908ರಿಂದ ಬೆಲ್ಜಿಯಂ ವಸಾಹತು, 1960ರ ಜೂನ್ 30ರಂದು ಸ್ವತಂತ್ರವಾಯಿತು. ಅಲ್ಲಿ ಕೆಲಸ ಮಾಡಿ ಬಂದವರ ಅಟ್ಟಗಳು ಈಗ ಖಾಲಿಯಾಗುತ್ತಿವೆ. ಪಕ್ಕದಲ್ಲೇ ಒಬ್ಬರು ಇಂಥ ಆಲ್ಬಮ್‌ಗಳನ್ನೇ ಹುಡುಕಿ ತೆಗೆದು, ಒಳ್ಳೆ ಫೋಟೋ ಇರುವ ಹಾಳೆ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದರು. ಹಾಳೆ ಕಿತ್ತು ಬಿಡಿಬಿಡಿಯಾಗಿ ಮಾರಿದರೆ ದುಡ್ಡು ಜಾಸ್ತಿ. ನನಗೆ ಅದು ಸರಿ ಕಾಣಲಿಲ್ಲ. ಆ ಸಾಲಿನಲ್ಲಿ ನಿಂತವರ ಮೊಮ್ಮಕ್ಕಳು ಯಾರಾದರೂ ಹುಡುಕಿಕೊಂಡು ಬಂದರೆ ಸಿಗುವ ಒಂದೇ ಎಳೆಯೂ ಅಲ್ಲಿಗೆ ಹರಿಯಿತಲ್ಲ. ನಾನು ಅದರ ಶಾಟ್ ತೆಗೆಯಲಿಲ್ಲ. ನೀವು ನೋಡುತ್ತಿರುವುದು ಮುಚ್ಚಿದ ಆಲ್ಬಮ್.

ಆಫ್ರಿಕನ್ ಮುಖವಾಡಗಳೂ ಸಾಲು ಸಾಲಾಗಿವೆ. ಎಲ್ಲವೂ ನೂರು ವರ್ಷ ಹಳೆಯದು ಅಂತಲೇ ಹೇಳುತ್ತಾರೆ, ನಕ್ಕು ಮುಂದೆ ಹೋಗಿ. ದಂತದ ಬಳೆ, ದಂತದ ಬೊಂಬೆ ಕಂಡರೆ ಮಾತ್ರ ಮುಟ್ಟಲೇಬೇಡಿ. ಭಾರತಕ್ಕೆ ದಂತ ತರುವ ಹಾಗೇ ಇಲ್ಲ.

ಈಗ ದಿಬ್ಬ ಹತ್ತೋಣ. ತಲೆ ಎತ್ತಿದರೆ ಕಾಣುವ ಆ ದೈತ್ಯ ಕಟ್ಟಡ ನ್ಯಾಯಾಲಯ. 1866ರಿಂದ 1883ರವರೆಗೆ ಕಟ್ಟಿದರು. ಅದಕ್ಕಾಗಿ ಮರೋಲ್‌ನ ಎಷ್ಟೋ ಮನೆ ಕೆಡವಿದರು. ಆಮೇಲೆ ಈ ಕೇರಿಯಲ್ಲಿ ಆರ್ಕಿಟೆಕ್ಟ್ ಅಂದರೇ ಬೈಗುಳವಾಯಿತಂತೆ. ಆ ಆರ್ಕಿಟೆಕ್ಟ್ ಪೂಲಾರ್ಟ್ ಕಟ್ಟಡ ಮುಗಿಯುವ ಮೊದಲೇ, 1879ರಲ್ಲಿ ತೀರಿಕೊಂಡ. ತಮಾಷೆ ಅಂದರೆ ಸಂತೆ ಚೌಕದ ಪಕ್ಕದ ಹಳೇ ಅಗ್ನಿಶಾಮಕ ಠಾಣೆಯೂ ಅವನದ್ದೇ. ನ್ಯಾಯಾಲಯಕ್ಕೆ 1980ರ ದಶಕದಲ್ಲಿ ರಿಪೇರಿಗೆ ಅಂತ ಸಾರುವೆ ಕಟ್ಟಿದರು. ಅದು ಎಷ್ಟು ವರ್ಷ ನಿಂತಿತು ಅಂದರೆ ಸಾರುವೆಗೇ ರಿಪೇರಿ ಬಂತು.

ಮರೋಲ್‌ನವರು ಆಮೇಲೆ ಸುಮ್ಮನೆ ಕೂರಲಿಲ್ಲ. 1969ರಲ್ಲಿ ನ್ಯಾಯಾಲಯವನ್ನು ಇನ್ನೂ ದೊಡ್ಡದು ಮಾಡುತ್ತೇವೆ ಅಂದಾಗ ತಡೆದರು. 2014ರಲ್ಲಿ ಸಂತೆ ಚೌಕದ ಕೆಳಗೆ ಪಾರ್ಕಿಂಗ್ ಮಾಡುವ ಯೋಜನೆ ಬಂತು. ಅಗೆಯುವಷ್ಟು ಕಾಲ ಸಂತೆ ಎತ್ತಂಗಡಿ, ಒಮ್ಮೆ ಎದ್ದ ಸಂತೆ ಮತ್ತೆ ಕೂರುತ್ತಾ? ಅಂಗಡಿಯವರು, ಹೋಟೆಲಿನವರು, ಕೇರಿಯವರು ಎಲ್ಲ ಎದ್ದು ನಿಂತರು. ಕೆಲವೇ ತಿಂಗಳಲ್ಲಿ ಯೋಜನೆ ಕೈಬಿಟ್ಟರು.

ಮೇಲೆ ಹೋಗಲು ಗಾಜಿನ ಲಿಫ್ಟ್ ಇದೆ, ದುಡ್ಡಿಲ್ಲ. ಮೇಲಿಂದ ಊರು ಪೂರ್ತಿ ಕಾಣುತ್ತೆ, ದೂರದಲ್ಲಿ ಅಟೋಮಿಯಮ್ ಅನ್ನುವ ದೈತ್ಯ ಸ್ಮಾರಕದ ಲೋಹದ ಚೆಂಡುಗಳೂ. ಹಾಗೇ ಸ್ವಲ್ಪ ನಡೆದರೆ ಸಾಬ್ಲೋನ್ ಅನ್ನುವ ಚೌಕ. ಶನಿವಾರ, ಭಾನುವಾರ ಚರ್ಚಿನ ಬುಡದಲ್ಲಿ ಕೆಂಪು-ಹಸಿರು ಡೇರೆ ಹಾಕಿ ಪುರಾತನ ವಸ್ತುಗಳ ಸಂತೆ ನಡೆಯುತ್ತೆ. ಮೇಜಿಗೆ ಬಿಳಿ ಬಟ್ಟೆ, ಸಾಮಾನಿಗೆ ಚೀಟಿ, ಚೀಟಿಯಲ್ಲಿ ಬೆಲೆ. ಸುತ್ತ ದುಬಾರಿ ಚಾಕೊಲೇಟ್ ಅಂಗಡಿಗಳು.

ಅಲ್ಲೂ ಹಿತ್ತಾಳೆ ಕೋಶದ ಹೂದಾನಿ ಇತ್ತು. ಕೆಳಗಡೆ ಜೋಡಿಗೆ ಮೂವತ್ತು ಹೇಳಿದ್ದರು, ಇಲ್ಲಿ ಒಂದಕ್ಕೇ ಎಂಬತ್ತೈದು. ಈ ಮೇಲಿನ ಅಂಗಡಿಯವರು ಬೆಳಗಿನ ಜಾವ ಟಾರ್ಚ್ ಹಿಡಿದು ಕೆಳಗಿನ ಸಂತೆಗೆ ಹೋಗಿ, ವ್ಯಾನಿನಿಂದ ಇಳಿಸುವಾಗಲೇ ಒಳ್ಳೆಯದನ್ನು ಎತ್ತಿಬಿಡುತ್ತಾರೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮೋಸ ಅನ್ನಲಾರೆ. ತೊಳೆದಿದ್ದಾರೆ, ಯಾವ ಕಾಲದ್ದು ಅಂತ ಗುರುತಿಸಿದ್ದಾರೆ, ಕೇಳಿದರೆ ಹೇಳುತ್ತಾರೆ. ಅದಕ್ಕೂ ಬೆಲೆ ಇದೆ. ಆದರೆ ಗುಂಡಿ ಡಬ್ಬ, ಟೇಪು ಸುತ್ತಿದ ಕನ್ನಡಕ ಮೇಲಕ್ಕೆ ಬರುವುದಿಲ್ಲ. ಹೂದಾನಿ ಒಂಟಿಯಾಗಿ ಬಂದು ಬಿಳಿ ಬಟ್ಟೆ ಮೇಲೆ ಕೂರುತ್ತೆ. ನನಗೆ ಅರ್ಧ ಗಂಟೆಗೇ ಬೇಜಾರಾಯಿತು.

ವಾಪಸ್ ಕೆಳಗೆ ಬಂದಾಗ ಎರಡೂವರೆ. ವಾರದ ದಿನ ಸಂತೆ ಎರಡಕ್ಕೆ ಮುಗಿಯುತ್ತೆ, ಶನಿವಾರ ಭಾನುವಾರ ಮೂರರವರೆಗೆ. ಈ ಕೊನೆಯ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೆಳಗ್ಗೆ ಇಪ್ಪತ್ತು ಅಂದವರು ಈಗ ಐದು ಅನ್ನುತ್ತಾರೆ. "ಎಲ್ಲಾ ಒಂದು ಯೂರೋ" ಅಂತ ಕೂಗು. ವ್ಯಾನಿಗೆ ವಾಪಸ್ ತುಂಬಲು ಮನಸ್ಸಿಲ್ಲದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನಗರಸಭೆಯ ಕಸದ ಲಾರಿ ಬರುವ ಮೊದಲು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ವಿದ್ಯಾರ್ಥಿಗಳು, ಅಜ್ಜಿಯರು, ಸೂಟು ಹಾಕಿದವರು, ಎಲ್ಲರೂ ಬಗ್ಗಿರುತ್ತಾರೆ. ನಗದು ಇಟ್ಟುಕೊಳ್ಳಿ, ಚಿಲ್ಲರೆ ನೋಟು. ದೊಡ್ಡ ಬಟ್ಟೆ ಚೀಲ ತನ್ನಿ. ಹಿಮ್ಮಡಿ ಶೂ ಬೇಡ, ಕಲ್ಲುಹಾಸು.

ನಾನು ಇದನ್ನೆಲ್ಲ ಶೂಟ್ ಮಾಡುತ್ತಿದ್ದಾಗ ಗೆಳತಿ ಪಕ್ಕದಲ್ಲಿರಲಿಲ್ಲ. ತಿರುಗಿ ನೋಡಿದರೆ, ಬೆಳಗ್ಗೆಯಿಂದ ಮುಟ್ಬೇಡ ಮುಟ್ಬೇಡ ಅಂದವಳು ರಾಶಿ ನಡುವೆ ನಿಂತು ಮರದ ಕುರ್ಚಿಯೊಂದರ ಕಾಲು ಅಲ್ಲಾಡಿಸಿ ನೋಡುತ್ತಿದ್ದಾಳೆ. ಇನ್ನೊಂದು ಕಡೆಯಿಂದ ಒಬ್ಬ ಹುಡುಗ ಅದೇ ಕುರ್ಚಿಗೆ ಕೈ ಹಾಕುತ್ತಿದ್ದಾನೆ.

"ಏನೇ ನೋಡ್ತಾ ನಿಂತಿದ್ದೀಯಾ? ಕ್ಯಾಮೆರಾ ಒಳಗಿಡು, ಬಂದು ಆ ಕಡೆ ಹಿಡ್ಕೋ!"